ಮೂಲೆಯ ಕಂಪ್ಯೂಟರಿನ ನೂರು ಸಾಲು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಗದಿಗೆಪ್ಪ ದಿನಾ ಊಟದ ಬಿಡುವಿನಲ್ಲಿ, ಈಗ ಬೇರೆ ಯಾರೂ ಬಳಸದ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅದರಲ್ಲಿ ಗಣಿತದ ಗ್ರಾಫ್ ಬಿಡಿಸುವ ಪ್ರೋಗ್ರಾಮ್ ಇತ್ತು. ಬಾಣದ ಕೀಲಿ ಒತ್ತಿದರೆ ಹಿಂದೆ ಯಾರೋ ಟೈಪ್ ಮಾಡಿದ ಸಮೀಕರಣದ ಸಾಲು ಮರಳಿ ಬರುತ್ತಿತ್ತು. ಎಂಟರ್ ಒತ್ತಿದರೆ ಅದರ ಗೆರೆ ಪರದೆಯ ಮೇಲೆ ಏಳುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಆ ಎರಡೇ ಕೀಲಿ.

ತಿಂಗಳ ಹಿಂದಷ್ಟೇ ಬಂದಿದ್ದ ಗಣಿತದ ಮೇಡಂ ಇದನ್ನು ಗಮನಿಸಿದರು. ಪಾಪ, ದಿನಾ ಅವೇ ಹಳೆಯ ಗೆರೆಗಳು. ಪ್ರೋಗ್ರಾಮಿನ ನೆನಪಿನಲ್ಲಿ ಉಳಿಯುತ್ತಿದ್ದದ್ದು ಹೊಸದಾಗಿ ಟೈಪ್ ಮಾಡಿದ ಕೊನೆಯ ನೂರು ಸಾಲು ಮಾತ್ರ; ಹೊಸದು ಬಂದಂತೆ ಹಳೆಯದು ಅಳಿಯುತ್ತಿತ್ತು. ಒಂದು ಬೆಳಿಗ್ಗೆ ಬೇಗ ಬಂದು ಆ ನೂರನ್ನೂ ಹೊಸದಾಗಿ ತುಂಬಿದರು: ಅಲೆ, ಸುರುಳಿ, ಹೂವಿನ ಎಸಳು.

ಮಧ್ಯಾಹ್ನ ಗದಿಗೆಪ್ಪ ಬಾಣ ಒತ್ತಿದ. ಮತ್ತೆ ಒತ್ತಿದ. ಒತ್ತುತ್ತಲೇ ಹೋದ. ಮೇಡಂ ಹಿಂದೆ ಬಂದು ನಿಂತರು.

"ಹೆಂಗ ಅದಾವು ಗದಿಗೆಪ್ಪಾ? ಎಲ್ಲಾ ಹೊಸಾವು ನೋಡ್ರಿ!"

"ಛಲೋ ಅದಾವ್ರಿ. ಮೊದಲಿನವು ಎಲ್ಲಿ ಹ್ವಾದುವ್ರಿ?"

"ಅಳಿಸಿ ಹ್ವಾದುವು. ಯಾರೋ ಹುಡುಗ್ರು ಹೊಡದದ್ದು, ಅರ್ಧಕ್ಕರ್ಧ ತಪ್ಪ ಇದ್ದುವು."

ಗದಿಗೆಪ್ಪ ಎದ್ದು ಕುರ್ಚಿಯನ್ನು ಮೆಲ್ಲಗೆ ಒಳಗೆ ತಳ್ಳಿದ.

"ತಪ್ಪ ಇರ್ತಾವ್ರಿ ಮೇಡಂ. ಸಾಯೂ ಮುಂಚಿನ ವಾರ, ಜ್ವರದಾಗ ಕುಂತು ಹೊಡದಿದ್ಳು, ನನ್ನ ಮಗಳು."