ಸದಸ್ಯರ ದರ

ಗಾಲ್ಫ್ ಕ್ಲಬ್ಬಿನ ಬಾರಿನಲ್ಲಿ ಸದಸ್ಯರಿಗೆ ಅರ್ಧ ಬೆಲೆ. ನಂಬರು ಹೇಳಿದರೆ ಸಾಕು, ಬಿಲ್ಲು ತಿಂಗಳ ಕೊನೆಗೆ ಮನೆಗೆ ಹೋಗುತ್ತದೆ. ಅವನು ಸದಸ್ಯನಲ್ಲ. ಗೆಳೆಯನ ಜೊತೆ ಹೋಗಿ ಹೋಗಿ ಅಲ್ಲಿನವರಿಗೆ ಮುಖಪರಿಚಯವಾಗಿತ್ತು; ಅಗ್ಗದ ಆಸೆಗೆ ಬಿದ್ದು, ಒಬ್ಬನೇ ಹೋದಾಗಲೂ ಗೆಳೆಯನ ನಂಬರನ್ನೇ ಹೇಳಿ ಕುಡಿಯುತ್ತಿದ್ದ. ಕೊನೆಗೆ ಮನಸ್ಸು ಚುಚ್ಚತೊಡಗಿ, ದುಡ್ಡು ಕೊಟ್ಟು ತಪ್ಪೊಪ್ಪಿಕೊಳ್ಳೋಣವೆಂದು ಗೆಳೆಯನ ಮನೆಗೆ ಹೋದ.

ಗೆಳೆಯನೇ ಕಾಫಿ ಮಾಡಿ ತಂದ. “ಸಕ್ಕರೆ ಡಬ್ಬ ಎಲ್ಲಿಟ್ಟಿದ್ದಾಳೋ ಸಿಗ್ಲಿಲ್ಲ ಕಣೋ. ಹಾಗೇ ಕುಡಿ.”

“ಅತ್ತಿಗೆ ಎಲ್ಲಿ?”

“ತವರಿಗೆ ಹೋದ್ಲು. ಇನ್ನು ಬರಲ್ವಂತೆ.”

“ಯಾಕೋ, ಏನಾಯ್ತು?”

“ಕುಡಿಯೋದು ಬಿಟ್ಟೆ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದೆ. ಆಮೇಲೆ ಒಂದು ತೊಟ್ಟೂ ಮುಟ್ಟಿಲ್ಲ ಮಾರಾಯ. ಆದ್ರೂ ಕ್ಲಬ್ಬಿಂದ ಬಿಲ್ಲು ಬಂತು.”