ಅಕ್ಕ, ಮುಂದೆ ಒಂದು ಸ್ಟಾರ್

"ಅಕ್ಕಿ ಬೆಲೆ ಬಂತು ನೋಡಿ! ನಾನು ಹೇಳಲಿಲ್ವಾ?" ಇಂಜಿನಿಯರು ಪರದೆಯತ್ತ ಬೆರಳು ಮಾಡಿ ನಕ್ಕರು.

ಅವಳಿಗೆ ನಗು ಬರಲಿಲ್ಲ. ರೇಡಿಯೊ ನಿಲಯದ ಹಳೆಯ ಕಂಪ್ಯೂಟರನ್ನು ಅವತ್ತು ಸಂಜೆ ಶಾಶ್ವತವಾಗಿ ಮುಚ್ಚುವವರಿದ್ದರು. ಅದರೊಳಗಿನ ಧ್ವನಿ ಫೈಲುಗಳಿಗೂ ಅದೇ ಗತಿ. ಅವಳಿಗೆ ಬೇಕಾದದ್ದು ಮಕ್ಕಳ ಕಾರ್ಯಕ್ರಮದ 'ಅಕ್ಕ'ನ ಧ್ವನಿ ಮಾತ್ರ. ಫೈಲು ಹುಡುಕಿ ಕಾಪಿ ಮಾಡುವ ಪುಟ್ಟ ಸ್ಕ್ರಿಪ್ಟ್ ಬರೆದು, 'ಅಕ್ಕ' ಎಂದು ಕೊಟ್ಟು, ಮುಂದೆ ಒಂದು ಸ್ಟಾರ್ ಹಾಕಿದ್ದಳು. ಅಕ್ಕ ಎಂದು ಶುರುವಾಗುವುದೆಲ್ಲ ಬರಲಿ ಎಂದು. ಬಂದವು: ಅಕ್ಕಿ ಬೆಲೆ, ಅಕ್ಕಪಕ್ಕದ ಸುದ್ದಿ, ಅಕ್ಕರೆಯ ಗೀತೆಗಳು.

"ಇಷ್ಟೂ ಕಾಪಿ ಆಗೋಕೆ ಸಂಜೆವರೆಗಿನ ಹೊತ್ತು ಸಾಲಲ್ಲ ತಾಯಿ. ರೆಜೆಕ್ಸ್ ಸೂತ್ರ ಬರೀರಿ. ಅಕ್ಕ, ಒಂದು ಗೆರೆ, ಆಮೇಲೆ ಬರೀ ಅಂಕಿ. ಹಾಗಿರೋ ಹೆಸರು ಮಾತ್ರ ಬರುತ್ತೆ, ಬೇರೆ ನರಪಿಳ್ಳೆಯೂ ನುಸುಳಲ್ಲ."

ತಲೆಯಾಡಿಸಿ ಹಾಗೇ ಬರೆದಳು. ಫೈಲುಗಳು ಚೊಕ್ಕಟವಾಗಿ ಬಂದವು. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕೇಳಿದಳು. ಸಮಯ, ಪ್ರಕಟಣೆ, ನಾಳೆಯ ಕಾರ್ಯಕ್ರಮ. ಎಲ್ಲವೂ ಕಾಗದ ನೋಡಿ ಓದಿದ್ದು. ಅಕ್ಕ ನಕ್ಕದ್ದೆಲ್ಲಿ? ಹುಸಿಮುನಿಸಿನಿಂದ ಗದರಿದ್ದೆಲ್ಲಿ? ಅವಕ್ಕೆಲ್ಲ ಯಾರೋ ಅವಸರದಲ್ಲಿ 'ಅಕ್ಕ'ದ ಮುಂದೆ ಅಂಕಿಯ ಬದಲು ಬಾಯಿಗೆ ಬಂದದ್ದನ್ನು ಸೇರಿಸಿ ಹೆಸರಿಟ್ಟಿದ್ದರು. ಜರಡಿ ಬಿಗಿಯಾಗಿ, ಹೊಟ್ಟಿನ ಜೊತೆ ಕಾಳೂ ಹೊರಗುಳಿದಿತ್ತು.

ಅವಳ ಕಣ್ಣು ತುಂಬಿದ್ದನ್ನು ಇಂಜಿನಿಯರು ನೋಡಿದರು.

"ಆ ಧ್ವನಿ ಹೋದ ಮೇಲೆ ನಮ್ಮ ಸಂಜೆ ಸಪ್ಪೆ ಆಗೋಯ್ತು," ಎಂದರು ಮೆಲ್ಲಗೆ. "ನಿಮ್ಮ ಮಗಳು ಹೇಗಿದಾಳೆ? ಅವಳಿಗೂ ಅಕ್ಕ ಅಂದ್ರೆ ಪ್ರಾಣ ಅಲ್ವಾ?"

ಅವಳು ಮುಖ ತಿರುಗಿಸಿದಳು. ಆಸ್ಪತ್ರೆಯ ಆ ದಿನದಿಂದ ಮಗಳು ರೇಡಿಯೊ ಹಚ್ಚುವುದನ್ನೇ ಬಿಟ್ಟಿದ್ದಳು. ಅಮ್ಮನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅವಳು ಸೂತ್ರವನ್ನು ಅಳಿಸಿದಳು. ಮತ್ತೆ 'ಅಕ್ಕ', ಮುಂದೆ ಒಂದು ಸ್ಟಾರ್.

"ಅಯ್ಯೋ, ಮತ್ತೆ ಅಕ್ಕಿ ಮೂಟೆ ಹೊರ್ತೀರಲ್ಲ! ಅರ್ಧದಲ್ಲೇ ನಿಂತುಹೋದ್ರೆ?"

ಅವಳು ಅವರನ್ನು ದಿಟ್ಟಿಸಿ, ಎಂಟರ್ ಒತ್ತಿದಳು. ಹೊಟ್ಟನ್ನು ಆಮೇಲೆ ತೂರಬಹುದು, ಬಿಟ್ಟ ಕಾಳನ್ನು ಎಲ್ಲಿ ಹುಡುಕುವುದು?

ಇಂಜಿನಿಯರು ನಿಟ್ಟುಸಿರು ಬಿಟ್ಟರು. "ಆಯ್ತು. ಬೆಳಿಗ್ಗೆ ಬಂದು ಮುಚ್ತೀನಿ. ಕೇಳಿದ್ರೆ ಮರೆತೆ ಅಂತೀನಿ. ವಯಸ್ಸಾದೋರಿಗೆ ಅದೊಂದು ಅನುಕೂಲ ಇದೆಯಲ್ಲ!"

ಮುಂದಿನ ವಾರಗಳಲ್ಲಿ ಅವಳು ಕಿವಿಯಿಂದಲೇ ಹೊಟ್ಟು ತೂರಿದಳು. ಉಳಿದದ್ದನ್ನು, ಟೈಪ್ ಮಾಡಿದ ಮಾತನ್ನು ಅದೇ ಧ್ವನಿಯಲ್ಲಿ ಆಡುವ ತಂತ್ರಾಂಶಕ್ಕೆ ಉಣಿಸಿದಳು.

ಆ ಭಾನುವಾರ ಮಗಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಏನೋ ಟೈಪ್ ಮಾಡಿದಳು.

"ಏಯ್ ಕಳ್ಳಿ, ಎದ್ದು ಬರ್ತೀಯೋ, ನಾನೇ ಬಂದು ಕಚಗುಳಿ ಇಡ್ಲೋ?" ಎಂದಿತು ಅಕ್ಕನ ಧ್ವನಿ.

ಮಗಳು ದಡಬಡಿಸಿ ಎದ್ದಳು. ಮೊಬೈಲು ನೋಡಿದಳು, ಅಮ್ಮನ ಅಲುಗದ ತುಟಿಗಳನ್ನು ನೋಡಿದಳು. ಓಡಿಬಂದು, ಗಂಟಲಿನ ಆಪರೇಷನ್ನಿನಲ್ಲಿ ಧ್ವನಿ ಹೋದ ಮೇಲೆ ಮೊದಲ ಬಾರಿಗೆ ತನ್ನನ್ನು ಕೂಗಿ ಕರೆದ ಅಮ್ಮನನ್ನು ಅಪ್ಪಿಕೊಂಡಳು.