ಮಂಗಳವಾರದ ಜಾಕೆಟ್ಟು

ಮಧ್ಯರಾತ್ರಿ ದಾಟಿದ ಮೇಲೆ ಕೋರಿನ್‌ಗೆ ಜಿಪ್ಪು ಎಳೆದ ಸದ್ದು ಕೇಳಿಸಿತು. ಬೂಟು ಬಿಡುವ ಕೋಣೆಯಿಂದ. ಸ್ವಲ್ಪ ತಡೆದು ಇನ್ನೊಂದು ಜಿಪ್ಪು. ಗಂಡ ವೆಂಡೆಲ್ ಹಾಸಿಗೆಗೆ ಮರಳಿದಾಗ ಅವನ ಪಾದಗಳು ತಣ್ಣಗೆ ಕೊರೆಯುತ್ತಿದ್ದವು. ನೀರು ಕುಡಿಯಲು ಎದ್ದಿದ್ದೆ ಎಂದ. ಏಕೆ ಎದ್ದೆಯೆಂದು ಅವಳೇನೂ ವಿಚಾರಿಸಿರಲಿಲ್ಲ. ನಲ್ಲಿ ಬಿಟ್ಟ ಸದ್ದೂ ಆಗಿರಲಿಲ್ಲ.

ಬೆಳಗಾಗುವುದರೊಳಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ವೆಂಡೆಲ್ ಕೌಂಟಿ ಆಡಳಿತದ ಹಿಮ ತಳ್ಳುವ ಟ್ರಕ್ಕು ಓಡಿಸುವವನು. ಇಂಥ ದಿನ ಬೆಳಕು ಹರಿಯುವ ಮೊದಲೇ ರಸ್ತೆಯಲ್ಲಿರುತ್ತಾನೆ. ಅವನು ಹೋದ ಮೇಲೆ ಕೋರಿನ್ ಗೂಟದಲ್ಲಿದ್ದ ಅವನ ನೀಲಿ ಸ್ಕೀ ಜಾಕೆಟ್ಟಿನ ಜೇಬುಗಳಿಗೆ ಕೈ ಹಾಕಿದಳು. ತುಟಿಗೆ ಹಚ್ಚುವ ಮೇಣ, ಮುದುಡಿದ ಕರವಸ್ತ್ರ, ಊರಲ್ಲಿ ಎಲ್ಲರ ಹತ್ತಿರವೂ ಇರುವಂಥ, ಬೆಟ್ಟದ ಲಿಫ್ಟು ಹತ್ತುವ ಕಾರ್ಡು. ಯಾರದೋ ಕೂದಲಿಲ್ಲ, ಯಾವ ಹೊಸ ವಾಸನೆಯೂ ಇಲ್ಲ. ತೋಳಿನ ಮೇಲೆ ಕಿತ್ತಳೆ ಪಟ್ಟಿ ಬಿಗಿಯಾಗಿ ಕೂತಿತ್ತು. ತನ್ನ ಅನುಮಾನಕ್ಕೆ ತಾನೇ ನಾಚಿದಳು. ಅವಳ ಸ್ವಂತ ಜಾಕೆಟ್ಟು ಇನ್ನೂ ಒದ್ದೆಯಿತ್ತು. ಅವನದನ್ನೇ ತೊಟ್ಟು, ತನ್ನ ಕಾರ್ಡನ್ನೂ ಅದೇ ಜೇಬಿಗೆ ತುರುಕಿ, ಸ್ಕೀ ಹೊತ್ತು ಬೆಟ್ಟಕ್ಕೆ ಹೊರಟಳು.

ಈ ಚಳಿಗಾಲ ಬೆಟ್ಟದ ಕಂಪನಿ, ಸ್ಕೀ ಮಾಡುವವರನ್ನು ತೂಗುಕುರ್ಚಿಯಲ್ಲಿ ಮೇಲಕ್ಕೊಯ್ಯುವ ಲಿಫ್ಟಿನ ಬುಡದಲ್ಲಿ ಇನ್ನೊಂದು ಸಾಲು ತೆರೆದಿತ್ತು. ಹೆಚ್ಚಿಗೆ ದುಡ್ಡು ಕೊಟ್ಟವರು ಆ ಕಡೆಯಿಂದ ಸೀದಾ ಮೇಲೆ. ಉಳಿದವರು ಹಿಮದಲ್ಲಿ ಕಾಲು ಕುಟ್ಟುತ್ತ ಕಾಯಬೇಕು. ಮೊದಲೆಲ್ಲ ಎಡಗಡೆಯಿಂದೊಬ್ಬರು, ಬಲಗಡೆಯಿಂದೊಬ್ಬರು ಎಂದು ಸರದಿ ತಾನಾಗಿ ನಡೆಯುತ್ತಿತ್ತು, ಕಾವಲಿಗೆ ಯಾರೂ ಬೇಕಿರಲಿಲ್ಲ. ಬ್ಯಾಂಕಿನ ಯಜಮಾನನೂ ಹೋಟೆಲಿನಲ್ಲಿ ತಟ್ಟೆ ತೊಳೆಯುವವನೂ ಒಂದೇ ಕುರ್ಚಿಯಲ್ಲಿ ಮೇಲೆ ಹೋಗುತ್ತಿದ್ದರು ಎಂದು ವೆಂಡೆಲ್ ಹೋದಲ್ಲೆಲ್ಲ ಹೇಳುತ್ತಿದ್ದ. ದುಡ್ಡಿನ ಆ ಹೊಸ ಸಾಲಿಗೆ ಕಾಲಿಡುವುದಿಲ್ಲವೆಂದು ಊರವರಿಂದ ಮಾತು ತೆಗೆದುಕೊಂಡವನು ಅವನೇ. ಮಾತು ಕೊಟ್ಟವರಿಗೆಲ್ಲ ಕಿತ್ತಳೆ ಪಟ್ಟಿ ಹೊಲಿದು ಕೊಟ್ಟವಳು ಕೋರಿನ್‌ಳ ಗೆಳತಿ ಬರ್ನಡೆಟ್. ಅದನ್ನು ಮುಚ್ಚಿಸಲು ಶುಕ್ರವಾರದ ಸಭೆಯಲ್ಲಿ ಕಂಪನಿಯವರ ಎದುರು ಊರಿನ ಪರವಾಗಿ ನಿಲ್ಲಬೇಕಾದವನೂ ವೆಂಡೆಲ್.

ಲಿಫ್ಟಿನ ಗೇಟು ಜೇಬಿನೊಳಗಿನ ಕಾರ್ಡನ್ನು ತಾನೇ ಓದಿ ತೆರೆದುಕೊಳ್ಳುತ್ತದೆ. ಕೋರಿನ್ ಮುಂದೆ ನಿಂತಾಗ ಕೆಂಪು ದೀಪ ಹತ್ತಿತು. ಆಗಲೇ ದಾಟಿ ನಿಂತಿದ್ದ ಬರ್ನಡೆಟ್ ತಿರುಗಿ, "ಏನೇ, ಗೇಟಿಗೂ ನಿನ್ನ ಕಂಡ್ರೆ ಆಗಲ್ವಾ?" ಎಂದು ನಕ್ಕಳು. ಚಳಿಗಾಲದ ಕೆಲಸಕ್ಕೆಂದು ಪೆರುವಿನಿಂದ ಬಂದಿದ್ದ ಗೇಟಿನ ಹೆಂಗಸು ಕೈಯಂತ್ರ ಹಿಡಿದು ಬಂದಳು. ಎರಡು ಕಾರ್ಡು ಒಟ್ಟಿಗಿಟ್ಟರೆ ಗೇಟಿಗೆ ಗಲಿಬಿಲಿ ಎಂದು ವಿವರಿಸಿ, ಒಂದೊಂದನ್ನೇ ಯಂತ್ರಕ್ಕೆ ತೋರಿಸಿದಳು. ಎರಡನೆಯದರ ಫೋಟೋ ನೋಡಿ ಅವಳ ಮುಖ ಅರಳಿತು.

"ನಿಮ್ಮ ಮನೆಯವರಾ? ಇವರ ಕಾರ್ಡಲ್ಲಿ ಆ ದುಡ್ಡಿನ ಸಾಲೂ ಇದೆ. ಮಂಗಳವಾರ ಮಂಗಳವಾರ ನನ್ನ ಗೇಟಲ್ಲೇ ಹೋಗ್ತಾರೆ, ಬೂದು ಜಾಕೆಟ್ಟು ಹಾಕ್ಕೊಂಡು. ಒಳ್ಳೇ ಮನುಷ್ಯ. ಹೆಸರು ಹಿಡಿದು ಮಾತಾಡಿಸ್ತಾರೆ."

ಕುರ್ಚಿ ಇಬ್ಬರನ್ನೂ ಎತ್ತಿಕೊಂಡು ಪೈನ್ ಮರಗಳ ಮೇಲೆ ಸಾಗಿತು. ಗೇಟಿನವಳು ಏನಂದಳೆಂದು ಬರ್ನಡೆಟ್ ವಿಚಾರಿಸಿದಳು. ವೆಂಡೆಲ್‌ನ ಕಾರ್ಡೂ ಇದೇ ಜೇಬಿನಲ್ಲಿ ಉಳಿದುಬಿಟ್ಟಿತ್ತು ಎಂದಳು ಕೋರಿನ್. ಅಷ್ಟಕ್ಕೆ ಅಷ್ಟೊಂದು ಮಾತೇ ಎಂದು ಗೆಳತಿ ಕೇಳಿದಾಗ, ಆ ಹೆಂಗಸಿನ ಭಾಷೆ ತನಗೆ ಸರಿಯಾಗಿ ಅರ್ಥವಾಗಲಿಲ್ಲ ಎಂದುಬಿಟ್ಟಳು. ಹಾಗೆಂದ ಕೂಡಲೇ ಕೆನ್ನೆ ಬಿಸಿಯಾಯಿತು.

"ನಿಂಗೊಂದು ಹೇಳ್ಬೇಕು," ಎಂದು ಬರ್ನಡೆಟ್ ಹತ್ತಿರ ಸರಿದಳು. "ನಮ್ಮವರಲ್ಲೇ ಯಾರೋ ಒಬ್ಬ ಕದ್ದು ಆ ಸಾಲಲ್ಲಿ ಹೋಗ್ತಿದಾನೆ. ನನ್ನ ತಂಗಿ ಎರಡು ಸಲ ನೋಡಿದಾಳೆ. ಬೂದು ಜಾಕೆಟ್ಟು, ಕಣ್ಣು ಬಿಟ್ಟು ಮುಖವೆಲ್ಲ ಮುಚ್ಕೊಂಡಿದ್ನಂತೆ, ಆದ್ರೆ ನಡಿಗೆ ನಮ್ಮೂರಿನವ್ರದ್ದೇ ಅಂತಾಳೆ. ಸಿಗ್ಲಿ, ಶುಕ್ರವಾರ ಎಲ್ಲರೆದುರು ನಿಲ್ಲಿಸಿ ಪಟ್ಟಿ ಬಿಚ್ಚಿಸ್ತೀನಿ. ವೆಂಡೆಲ್‌ಗೂ ಹೇಳಿದೀನಿ."

"ಅವನೇನಂದ?"

"ಕಂಡುಹಿಡಿಯೋಣ ಅಂದ."

ತನ್ನ ಬೂದು ಜಾಕೆಟ್ಟನ್ನು ಶರತ್ಕಾಲದಲ್ಲೇ ಶಾಲೆಯ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟೆನೆಂದು ವೆಂಡೆಲ್ ಹೇಳಿದ್ದ. ಸಂಜೆ ಅದು ಬೂಟಿನ ಕೋಣೆಯಲ್ಲಿ, ಮೀನು ಹಿಡಿಯುವ ಸಲಕರಣೆಯ ಚೀಲದ ಅಡಿಯಲ್ಲಿ ಸಿಕ್ಕಿತು. ತೋಳಿನ ತುದಿ ಇನ್ನೂ ಹಸಿಯಿತ್ತು. ನಿನ್ನೆ ಮಂಗಳವಾರ; ರಾತ್ರಿ ಕೇಳಿದ ಎರಡು ಜಿಪ್ಪು, ಕಾರ್ಡು ಇದರಿಂದ ನೀಲಿ ಜೇಬಿಗೆ ದಾಟಿದ ಸದ್ದು. ಅಲ್ಲಿಂದ ಎದ್ದು ಬಂದು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ವೆಂಡೆಲ್ ಎಲ್ಕ್ ಜಿಂಕೆಯ ಮಾಂಸದ ಸಾರು ಕದಡುತ್ತ, ಶುಕ್ರವಾರದ ಭಾಷಣವನ್ನು ಪಾತ್ರೆಗೆ ಒಪ್ಪಿಸುತ್ತಿದ್ದ. ಅವಳ ಕಣ್ಣು ಅವನ ಬಲ ಮಂಡಿಯ ಮೇಲಿತ್ತು. ಅದಕ್ಕೆ ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾಗಿತ್ತು. ಪೂರ್ತಿ ವಾಸಿಯಾಯಿತು ಎಂದು ಅವನೇ ಹೇಳಿಕೊಂಡು ತಿರುಗಿದ್ದ. ಅದು ಸುಳ್ಳಾಗಿರಲಿ, ಸರದಿಯಲ್ಲಿ ನಿಲ್ಲಲಾಗದೆ, ಹೇಳಿಕೊಳ್ಳಲೂ ಆಗದೆ ಆ ಕಡೆ ಹೋಗಿರಲಿ ಎಂದು ಅವಳು ಬೇಡಿಕೊಂಡಳು. ಒಮ್ಮೆ ಕುಂಟಿದರೆ ಸಾಕಿತ್ತು. ಅವನು ಎರಡೂ ಕಾಲಿನ ಮೇಲೆ ಸಮನಾಗಿ, ಬಹಳ ಹೊತ್ತು ನಿಂತೇ ಇದ್ದ.

"ಏನು ಹಾಗೆ ನೋಡ್ತಿದೀಯ?"

"ಮಂಡಿ ಹೇಗಿದೆ?"

ವೆಂಡೆಲ್ ಸೌಟು ಹಿಡಿದೇ ಕೊಂಚ ಯೋಚಿಸಿದ. ಆಮೇಲೆ ಭಾರವನ್ನು ಎಡಗಾಲಿಗೆ ಬಿಟ್ಟು, "ನೋವಿದೆ," ಎಂದ.

ಅವನು ಸ್ನಾನಕ್ಕೆ ಹೋದಾಗ ಕೋರಿನ್ ಬೂಟಿನ ಕೋಣೆಗೆ ಬಂದಳು. ಯಾರಿಗೆ ಹೇಳಿದರೂ ಶುಕ್ರವಾರದ ಸಭೆ ಮುಳುಗುತ್ತದೆ. ಆ ಸಾಲು ಇನ್ನೆಂದೂ ಮುಚ್ಚುವುದಿಲ್ಲ. ಬರ್ನಡೆಟ್‌ಗೂ ಹೇಳುವುದಿಲ್ಲ. ತನಗೆ ಗೊತ್ತಿದೆಯೆಂದು ಅವನಿಗೂ ಹೇಳುವುದಿಲ್ಲ. ಅವನ ಕಾರ್ಡನ್ನು ನೀಲಿ ಜಾಕೆಟ್ಟಿನ ಜೇಬಿಗೆ ಮೊದಲಿದ್ದ ಹಾಗೆಯೇ ಇಟ್ಟು, ಜಿಪ್ಪಿನ ಒಂದೊಂದೇ ಹಲ್ಲನ್ನು, ಸದ್ದಾಗದಂತೆ, ಮುಚ್ಚುತ್ತ ಹೋದಳು.